ನಾರು, ಬೆಂಕಿ, ಇದ್ದಿಲು

ಸಂಜೆ ದೀಪ ಹಚ್ಚುವುದು ನಮ್ಮ ಮನೆಗಳಲ್ಲಿ ನಿತ್ಯದ ಕೆಲಸ. ಹತ್ತಿಯನ್ನು ಹೊಸೆದು ಬತ್ತಿ ಮಾಡಿ, ಹಣತೆಯಲ್ಲಿಟ್ಟು, ಎಣ್ಣೆಯೆರೆದು, ಕುಡಿಗೆ ಬೆಂಕಿ ತಾಗಿಸುತ್ತೇವೆ. ಎಣ್ಣೆ ಇರುವ ತನಕ ದೀಪ ಉರಿಯುತ್ತದೆ. ಇದರಲ್ಲಿ ಅಡಗಿರುವ ಸೋಜಿಗವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಹಣತೆಗೆ ಬರಿಯ ಎಣ್ಣೆಯನ್ನು ಸುರಿದು, ಕಡ್ಡಿ ಗೀರಿ ಅದರಲ್ಲಿ ಅದ್ದಿದರೆ ಎಣ್ಣೆ ಹತ್ತಿಕೊಳ್ಳುವುದಿಲ್ಲ, ಕಡ್ಡಿಯೇ ಆರಿಹೋಗುತ್ತದೆ. ಬರಿಯ ಹತ್ತಿಗೆ ಬೆಂಕಿಯಿಟ್ಟರೆ ಅದು ಭಗ್ಗನೆ ಉರಿದು ಕ್ಷಣದಲ್ಲಿ ಇಲ್ಲವಾಗುತ್ತದೆ. ಎರಡೂ ಕೂಡಿದಾಗ ಮಾತ್ರ ಗಂಟೆಗಟ್ಟಲೆ ನಿಲ್ಲುವ ಜ್ವಾಲೆ ಹುಟ್ಟುತ್ತದೆ. ನಾರು ಎಣ್ಣೆಯನ್ನು ಹೀರಿ ಮೇಲಕ್ಕೆ ತಂದು ಜ್ವಾಲೆಗೆ ಉಣಿಸುತ್ತದೆ. ಎಣ್ಣೆ ಇರುವಷ್ಟು ಹೊತ್ತು ಜ್ವಾಲೆ ಎಣ್ಣೆಯನ್ನು ಉಣ್ಣುತ್ತದೆಯೇ ಹೊರತು ಬತ್ತಿಯನ್ನಲ್ಲ.

ಈ ಸೋಜಿಗದ ಇನ್ನೊಂದು ಮುಖವನ್ನು ನಾನು ಕಂಡದ್ದು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ, ಒಂದು ದೀಪಾವಳಿಯ ರಾತ್ರಿ. ನನ್ನ ತಂಗಿಗೆ ಆಗ ಆರು ವರ್ಷ. ಹಬ್ಬಕ್ಕೆಂದು ಅವಳಿಗೆ ಟೆರಿಕಾಟ್ ಬಟ್ಟೆಯ ಲಂಗ ಹೊಲಿಸಿದ್ದರು. ಹತ್ತಿ ಮತ್ತು ಪಾಲಿಯೆಸ್ಟರ್ ನೂಲನ್ನು ಬೆರೆಸಿ ನೇಯ್ದ ಆ ಬಟ್ಟೆ, ಸುಕ್ಕಾಗುವುದಿಲ್ಲ, ಬೇಗ ಒಣಗುತ್ತದೆ ಎಂದು ಆ ಕಾಲದಲ್ಲಿ ಮನೆಮನೆಯ ಮೆಚ್ಚುಗೆ ಗಳಿಸಿತ್ತು. ಅಂಗಳದಲ್ಲಿ ಸುರುಸುರುಬತ್ತಿ ಹಿಡಿದು ಕುಣಿಯುತ್ತಿದ್ದವಳ ಲಂಗದ ಅಂಚಿಗೆ ಬೆಂಕಿ ತಗುಲಿತು. ನಾವು ಮಕ್ಕಳು ದಿಕ್ಕುಗೆಟ್ಟು ನಿಂತಿರುವಾಗ, ಜಗಲಿಯಲ್ಲಿ ಕುಳಿತಿದ್ದ ಅಜ್ಜಿ ತಾವು ಹೊದ್ದಿದ್ದ ಕಂಬಳಿಯನ್ನೇ ಅವಳ ಮೇಲೆ ಎಸೆದು, ತಬ್ಬಿ ನೆಲಕ್ಕೆ ಒರಗಿಸಿದರು. ಬೆಂಕಿ ಆರಿತು; ತಂಗಿ ಬದುಕಿದಳು. ಆದರೆ ಕರಗಿದ ಬಟ್ಟೆ ಎಡಗಾಲಿಗೆ ಅಂಟಿಕೊಂಡಿತ್ತು. ಅದರ ಗುರುತು ಇಂದಿಗೂ ಅವಳ ಕಾಲಿನ ಮೇಲಿದೆ.

ಮುಂದೆ ರಸಾಯನಶಾಸ್ತ್ರವನ್ನು ಓದಿ, ಅದನ್ನೇ ಕಲಿಸುವ ಉದ್ಯೋಗ ಹಿಡಿದ ಮೇಲೆ ಅಂದು ನಡೆದದ್ದು ಏನೆಂದು ನನಗೆ ತಿಳಿಯಿತು. ಬರಿಯ ಪಾಲಿಯೆಸ್ಟರ್ ಬಟ್ಟೆಗೆ ಕಿಡಿ ಬಿದ್ದರೆ ಅದು ಕರಗಿ, ಜ್ವಾಲೆಯಿಂದ ಹಿಂದೆ ಸರಿದು, ಹನಿಯಾಗಿ ಉದುರುತ್ತದೆ. ಎಷ್ಟೋ ಸಲ ಬೆಂಕಿ ಅಲ್ಲಿಗೇ ನಿಲ್ಲುತ್ತದೆ. ಹತ್ತಿಯ ನೂಲು ಜೊತೆಗಿದ್ದರೆ ಹಾಗಾಗಗೊಡುವುದಿಲ್ಲ. ಕರಗಿದ ಪ್ಲಾಸ್ಟಿಕ್ಕನ್ನು ಅದು ಉದುರಗೊಡದೆ, ಹಂದರದಂತೆ ಹಿಡಿದು ನಿಲ್ಲಿಸಿ ಜ್ವಾಲೆಗೆ ಒಪ್ಪಿಸುತ್ತದೆ. ನನ್ನ ತಂಗಿಯ ಲಂಗ ಬತ್ತಿಯೂ ಎಣ್ಣೆಯೂ ಒಂದಾಗಿ ಹೆಣೆದುಕೊಂಡಿದ್ದ ಒಂದು ದೀಪವಾಗಿತ್ತು.

ಸಸ್ಯದ ನಾರನ್ನು ಒಳಗಿಟ್ಟು ಬಲಪಡಿಸಿದ ಪ್ಲಾಸ್ಟಿಕ್ಕುಗಳನ್ನು ಕುರಿತು ಮಾತನಾಡಬೇಕೆಂದಾಗ ನನಗೆ ಮೊದಲು ನೆನಪಾದದ್ದು ಈ ಲಂಗವೇ.

ಮಣ್ಣಿನ ಗೋಡೆಗೆ ಹುಲ್ಲು ಬೆರೆಸಿ ಕಲಸುವುದನ್ನು ಹಳ್ಳಿಯ ಪರಿಚಯವಿರುವವರೆಲ್ಲ ಬಲ್ಲರು. ಒಣಗಿದ ಮಣ್ಣು ಬಿರುಕು ಬಿಡದಂತೆ ಹುಲ್ಲಿನ ಎಳೆಗಳು ಹಿಡಿದುಕೊಳ್ಳುತ್ತವೆ. ಇದೇ ತತ್ತ್ವದ ಮೇಲೆ ಪ್ಲಾಸ್ಟಿಕ್ಕಿನೊಳಗೆ ನಾರನ್ನು ಸೇರಿಸುತ್ತಾರೆ. ಬಹುಕಾಲ ಈ ಕೆಲಸಕ್ಕೆ ಗಾಜಿನ ನಾರೇ ಮುಖ್ಯವಾಗಿತ್ತು. ಅದರ ಜಾಗದಲ್ಲಿ ಸೆಣಬು, ಅಗಸೆ, ಕತ್ತಾಳೆ, ತೆಂಗು, ಬಾಳೆಗಳ ನಾರನ್ನು ಬಳಸಬಾರದೇಕೆ ಎಂಬ ಪ್ರಶ್ನೆ ಹೊಸದಲ್ಲ. ಪೂರ್ವ ಜರ್ಮನಿಯಲ್ಲಿ 1957ರಿಂದ 1991ರವರೆಗೆ ತಯಾರಾದ ಟ್ರಾಬಾಂಟ್ ಎಂಬ ಪುಟ್ಟ ಕಾರಿನ ಹೊರಮೈ ತಗಡಿನದಾಗಿರಲಿಲ್ಲ. ಹತ್ತಿಯ ಗಿರಣಿಗಳಲ್ಲಿ ಉಳಿದ ನಾರನ್ನು ಫಿನಾಲಿನ ರಾಳದಲ್ಲಿ ಒತ್ತಿ ಮಾಡಿದ್ದಾಗಿತ್ತು. 1990ರ ದಶಕದಿಂದ ಈಚೆಗೆ ಯೂರೋಪಿನ ಕಾರುಗಳ ಬಾಗಿಲಿನ ಒಳಹಲಗೆಗಳಲ್ಲಿ ಅಗಸೆ, ಕತ್ತಾಳೆ ಮೊದಲಾದ ನಾರುಗಳು ಹೇರಳವಾಗಿ ಸೇರಿವೆ.

ಇದಕ್ಕೆ ಕಾರಣಗಳು ಸ್ಪಷ್ಟ. ಗಾಜಿನ ನಾರು ನೀರಿಗಿಂತ ಸುಮಾರು ಎರಡೂವರೆ ಪಟ್ಟು ಸಾಂದ್ರವಾದದ್ದು; ಸಸ್ಯದ ನಾರು ಸುಮಾರು ಒಂದೂವರೆ ಪಟ್ಟು. ಹೀಗಾಗಿ ಹಲಗೆ ಹಗುರವಾಗುತ್ತದೆ, ವಾಹನಕ್ಕೆ ಇಂಧನ ಉಳಿಯುತ್ತದೆ. ಗಾಜನ್ನು ಕರಗಿಸಿ ಎಳೆ ತೆಗೆಯುವುದಕ್ಕೆ ಕುಲುಮೆಯ ಬೆಂಕಿ ಬೇಕು. ಸೆಣಬಿನ ಗಿಡ ಬಿಸಿಲು ಮಳೆಗಳಲ್ಲಿ ತಾನೇ ನಾರನ್ನು ಕಟ್ಟಿಕೊಳ್ಳುತ್ತದೆ. ಗಾಜಿನ ಚೂರು ಕೆಲಸಗಾರನ ಕೈಯಲ್ಲಿ ನವೆ ಹುಟ್ಟಿಸುತ್ತದೆ. ತೆಂಗಿನ ನಾರಿನಿಂದ ಆ ಬಾಧೆ ಇಲ್ಲ. ಬೆಳೆಗಾರನಿಗೆ ನಾಲ್ಕು ಕಾಸು ಸಿಗುತ್ತದೆ ಎಂಬುದೂ ನಮ್ಮಂಥ ದೇಶಕ್ಕೆ ಸಣ್ಣ ಮಾತಲ್ಲ.

ಇಷ್ಟೆಲ್ಲ ಗುಣಗಳಿರುವ ವಸ್ತುವಿಗೆ ಇರುವ ದೊಡ್ಡ ದೋಷ ಬೆಂಕಿ. ಗಾಜು ಉರಿಯುವುದಿಲ್ಲ, ನಾರು ಉರಿಯುತ್ತದೆ. ಅದನ್ನು ಸುತ್ತಿರುವ ಪ್ಲಾಸ್ಟಿಕ್ಕಂತೂ ಎಣ್ಣೆಯ ಕುಲಕ್ಕೇ ಸೇರಿದ್ದು. ಪಾಲಿಪ್ರಾಪಿಲೀನ್ ಎಂಬ ಪ್ಲಾಸ್ಟಿಕ್ ಒಂದು ಕಿಲೋ ಉರಿದರೆ ಹೊರಬೀಳುವ ಶಾಖ ಒಂದು ಕಿಲೋ ಸೀಮೆಎಣ್ಣೆಯ ಶಾಖಕ್ಕೆ ಹೆಚ್ಚುಕಡಿಮೆ ಸಮ. ಮೇಣ, ಪಾಲಿಥೀನ್, ಪಾಲಿಪ್ರಾಪಿಲೀನ್ ಇವೆಲ್ಲ ಇಂಗಾಲ ಜಲಜನಕಗಳ ಸರಪಳಿಗಳೇ. ಮೇಣದಲ್ಲಿ ಸರಪಳಿ ಗಿಡ್ಡ, ಪ್ಲಾಸ್ಟಿಕ್ಕಿನಲ್ಲಿ ಬಹಳ ಉದ್ದ.

ನಾರು ಮತ್ತು ಮೇಣಗಳ ಈ ಸಂಗ ಎಷ್ಟು ಅಪಾಯಕರವೆಂಬುದಕ್ಕೆ ಚರಿತ್ರೆಯಲ್ಲಿ ಘೋರವಾದ ಸಾಕ್ಷ್ಯವಿದೆ. 1944ರ ಜುಲೈ 6ರಂದು ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ ಸರ್ಕಸ್ಸಿನ ಡೇರೆಯೊಂದು ಮಧ್ಯಾಹ್ನದ ಆಟದ ಹೊತ್ತಿನಲ್ಲಿ ಹೊತ್ತಿಕೊಂಡಿತು. ಮಳೆನೀರು ಸೋರದಿರಲೆಂದು ಆ ಬಟ್ಟೆಗೆ ಪ್ಯಾರಾಫಿನ್ ಮೇಣವನ್ನು ಪೆಟ್ರೋಲಿನಲ್ಲಿ ಕರಗಿಸಿ ಬಳಿದಿದ್ದರು. ಕೆಲವೇ ನಿಮಿಷಗಳಲ್ಲಿ ಡೇರೆ ಉರಿದು ಬಿತ್ತು. 160ಕ್ಕೂ ಹೆಚ್ಚು ಜನ ಸತ್ತರು. ಡೇರೆಯ ಬೆಂಕಿ ಎಂದಾಗ ನಮ್ಮ ಹಿರಿಯರಿಗೆ 1981ರ ಫೆಬ್ರವರಿ 7 ನೆನಪಾಗದೆ ಇರದು. ಅಂದು ಬೆಂಗಳೂರಿನಲ್ಲಿ ಸರ್ಕಸ್ ನೋಡಹೋದವರಲ್ಲಿ 92 ಮಂದಿ ಮನೆಗೆ ಮರಳಲಿಲ್ಲ. ಅವರಲ್ಲಿ ಬಹುಮಂದಿ ಮಕ್ಕಳು. ಬಸ್ಸು, ರೈಲುಡಬ್ಬಿ, ಸಭಾಭವನಗಳಂಥ, ಜನ ತಟ್ಟನೆ ಹೊರಗೆ ಓಡಲಾಗದ ಜಾಗಗಳಲ್ಲಿ ಸಸ್ಯನಾರಿನ ಹಲಗೆಯನ್ನು ಹೊದಿಸುವ ಮೊದಲು ಬೆಂಕಿಯ ಪ್ರಶ್ನೆಗೆ ಉತ್ತರ ಹೇಳಲೇಬೇಕು.

ಉತ್ತರವೊಂದು ಸಿದ್ಧವಾಗಿಯೇ ಇತ್ತು. ಅದನ್ನು ತಿಳಿಯಬೇಕಾದರೆ ಉರಿಯುವುದೆಂದರೆ ಏನೆಂಬುದನ್ನು ಸ್ವಲ್ಪ ನೋಡಬೇಕು. ಸೌದೆಯಾಗಲಿ ಪ್ಲಾಸ್ಟಿಕ್ಕಾಗಲಿ ಘನರೂಪದಲ್ಲಿ ಜ್ವಾಲೆಯಾಗಿ ಉರಿಯುವುದಿಲ್ಲ. ಶಾಖಕ್ಕೆ ಅದರ ಅಣುಗಳು ಒಡೆದು ಅನಿಲಗಳಾಗುತ್ತವೆ. ಆ ಅನಿಲಗಳು ಗಾಳಿಯ ಆಮ್ಲಜನಕದೊಡನೆ ಕೂಡಿ ಉರಿಯುತ್ತವೆ. ಆ ಉರಿಯ ಶಾಖ ಮತ್ತೆ ಕೆಳಗಿಳಿದು ಇನ್ನಷ್ಟು ಅಣುಗಳನ್ನು ಒಡೆಯುತ್ತದೆ. ಈ ಚಕ್ರ ಎಲ್ಲಿ ಮುರಿದರೂ ಬೆಂಕಿ ಆರುತ್ತದೆ.

ಕ್ಲೋರಿನ್, ಬ್ರೋಮಿನ್‌ಗಳನ್ನು ಒಳಗೊಂಡ ಹ್ಯಾಲೊಜನ್ ಕುಟುಂಬದ ಸಂಯುಕ್ತಗಳು ಈ ಚಕ್ರವನ್ನು ಜ್ವಾಲೆಯಲ್ಲಿಯೇ ಮುರಿಯುತ್ತವೆ. ಜ್ವಾಲೆಯೊಳಗೆ ಒಂಟಿ ಜಲಜನಕ ಪರಮಾಣುಗಳೂ ಆಮ್ಲಜನಕ ಜಲಜನಕಗಳ ತುಣುಕುಗಳೂ ಅತ್ಯಂತ ಚುರುಕಾಗಿ ಓಡಾಡುತ್ತ, ಬಾಯಿಂದ ಬಾಯಿಗೆ ಹರಡುವ ಗಾಳಿಸುದ್ದಿಯಂತೆ ದಹನಕ್ರಿಯೆಯನ್ನು ಹಬ್ಬಿಸುತ್ತವೆ. ಬಿಸಿಯಾದ ಬ್ರೋಮಿನ್ ಸಂಯುಕ್ತದಿಂದ ಹೊರಟ ಹೈಡ್ರೋಜನ್ ಬ್ರೋಮೈಡ್ ಈ ಸುದ್ದಿಗಾರರನ್ನು ಹಿಡಿದು ಸುಮ್ಮನಾಗಿಸುತ್ತದೆ. ಸುದ್ದಿ ಅಲ್ಲಿಗೆ ನಿಲ್ಲುತ್ತದೆ, ಜ್ವಾಲೆ ಸಾಯುತ್ತದೆ. ಬಹಳ ಸಮರ್ಥವಾದ ಉಪಾಯ, ಸಂದೇಹವಿಲ್ಲ. ಸ್ವಲ್ಪವೇ ಬೆರೆಸಿದರೂ ಫಲ ಕಾಣುತ್ತದೆ. ಆಂಟಿಮನಿಯ ಆಕ್ಸೈಡ್ ಜೊತೆಗಿದ್ದರೆ ಇನ್ನೂ ಹೆಚ್ಚು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದೂರದರ್ಶನದ ಪೆಟ್ಟಿಗೆಯಿಂದ ಹಿಡಿದು ಮೆತ್ತೆಯ ಕುರ್ಚಿಯವರೆಗೆ ಇಂಥ ಸಂಯುಕ್ತಗಳು ಸೇರಿಹೋದವು.

ಆದರೆ ಬೆಂಕಿಯನ್ನು ಕೊಲ್ಲುವ ಈ ಕಾವಲುಗಾರ ಬೆಂಕಿ ಇಲ್ಲದಾಗಲೂ ಸುಮ್ಮನಿರಲಿಲ್ಲ. 1973ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ದನದ ಮೇವಿಗೆ ಬೆರೆಸಬೇಕಾಗಿದ್ದ ಮೆಗ್ನೀಸಿಯಂ ಆಕ್ಸೈಡಿನ ಬದಲು, ಕಣ್ತಪ್ಪಿನಿಂದ, ಬ್ರೋಮಿನ್ ಸೇರಿದ ಅಗ್ನಿರೋಧಕವೊಂದು ಬೆರೆತುಹೋಯಿತು. ಸುಮಾರು 30,000 ದನಗಳನ್ನೂ 15 ಲಕ್ಷ ಕೋಳಿಗಳನ್ನೂ ಕೊಂದು ಹೂಳಬೇಕಾಯಿತು. ಅಷ್ಟರಲ್ಲಿ ಹಾಲು, ಮಾಂಸ, ಮೊಟ್ಟೆಗಳ ಮೂಲಕ ಅದು ಜನರ ಮೈ ಸೇರಿತ್ತು. 1977ರಲ್ಲಿ ಆರ್ಲೀನ್ ಬ್ಲಂ ಮತ್ತು ಬ್ರೂಸ್ ಏಮ್ಸ್ ಎಂಬ ವಿಜ್ಞಾನಿಗಳು, ಮಕ್ಕಳ ರಾತ್ರಿಯುಡುಪು ಉರಿಯದಿರಲೆಂದು ಬಳಸುತ್ತಿದ್ದ 'ಟ್ರಿಸ್' ಎಂಬ ಬ್ರೋಮಿನ್ ಸಂಯುಕ್ತ ಕ್ಯಾನ್ಸರಿಗೆ ದಾರಿಯಾಗಬಹುದೆಂದು ಎಚ್ಚರಿಸಿದರು. ಅದೇ ವರ್ಷ ಏಪ್ರಿಲಿನಲ್ಲಿ ಅಮೆರಿಕ ಆ ಉಡುಪುಗಳನ್ನು ನಿಷೇಧಿಸಿತು. ಸ್ವೀಡನ್ನಿನಲ್ಲಿ ಕಾದಿಟ್ಟಿದ್ದ ತಾಯಿಹಾಲಿನ ಮಾದರಿಗಳನ್ನು ಪರೀಕ್ಷಿಸಿದಾಗ, 1972ರಿಂದ 1997ರವರೆಗೆ ಅದರಲ್ಲಿ ಇನ್ನೊಂದು ಬಗೆಯ ಬ್ರೋಮಿನ್ ಅಗ್ನಿರೋಧಕಗಳ ಪ್ರಮಾಣ ಸುಮಾರು ಐದೈದು ವರ್ಷಕ್ಕೆ ಇಮ್ಮಡಿಯಾಗುತ್ತ ಬಂದದ್ದು ಕಂಡಿತು. ಬಳಕೆಯನ್ನು ತಗ್ಗಿಸಿದ ಮೇಲೆ ಅದು ಇಳಿಯತೊಡಗಿತು.

ಮಗುವಿನ ಉಡುಪು ಉರಿಯಬಾರದೆಂದು ಹಾಕಿದ ದ್ರವ್ಯ ಅದು ಕುಡಿಯುವ ಹಾಲಿನಲ್ಲಿ ಸಿಗುವುದೆಂದರೆ ಏನು ಹೇಳೋಣ? ಈ ಅಣುಗಳಲ್ಲಿ ಹಲವು ಕೊಬ್ಬಿನಲ್ಲಿ ಕರಗುತ್ತವೆ, ಬೇಗ ಶಿಥಿಲವಾಗುವುದಿಲ್ಲ, ಮೀನಿನಿಂದ ಹಕ್ಕಿಗೆ, ಹಸುವಿನಿಂದ ಮನುಷ್ಯನಿಗೆ ದಾಟುತ್ತ ಸಾಂದ್ರವಾಗುತ್ತ ಹೋಗುತ್ತವೆ. ಬೆಂಕಿಗೆ ಸಿಕ್ಕರೆ ಉಸಿರುಕಟ್ಟಿಸುವ ಆಮ್ಲಾನಿಲವನ್ನೂ ದಟ್ಟ ಹೊಗೆಯನ್ನೂ ಕಾರುತ್ತವೆ. ಹಳೆಯ ಸಾಮಾನುಗಳ ರಾಶಿಯನ್ನು ಬಯಲಲ್ಲಿ ಸುಟ್ಟಾಗ ಡಯಾಕ್ಸಿನ್‌ನಂಥ ವಿಷಗಳಿಗೂ ಕಾರಣವಾಗುತ್ತವೆ. ಚಿರಕಾಲ ಉಳಿಯುವ ಮಾಲಿನ್ಯಕಾರಕಗಳನ್ನು ಕುರಿತ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ 2009, 2013, 2017ರಲ್ಲಿ ಇಂಥ ಹಲವು ಬ್ರೋಮಿನ್ ಸಂಯುಕ್ತಗಳು ಸೇರಿದವು. ಭಾರತವೂ 2018ರ ನಿಯಮಗಳ ಮೂಲಕ ಅವುಗಳಲ್ಲಿ ಕೆಲವನ್ನು ನಿಷೇಧಿಸಿತು.

ಹಾಗಾದರೆ ಸೆಣಬಿನ ಹಲಗೆಯನ್ನು ವಿಷವಿಲ್ಲದೆ ಕಾಯುವುದು ಹೇಗೆ? ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು ಒದ್ದೆ ಸೌದೆಯ ದಾರಿ. ಮಳೆಗಾಲದಲ್ಲಿ ಒಲೆ ಊದಿದವರಿಗೆ ಅದರ ಅನುಭವ ಉಂಟು. ಒದ್ದೆ ಸೌದೆಗೆ ಕೊಟ್ಟ ಶಾಖವೆಲ್ಲ ನೀರನ್ನು ಆವಿ ಮಾಡುವುದರಲ್ಲೇ ಕಳೆದುಹೋಗುತ್ತದೆ. ಅಲ್ಯೂಮಿನಿಯಂ ಹೈಡ್ರಾಕ್ಸೈಡ್, ಮೆಗ್ನೀಸಿಯಂ ಹೈಡ್ರಾಕ್ಸೈಡ್ ಎಂಬ ಬಿಳಿಯ ಪುಡಿಗಳು ಮುಟ್ಟಿದರೆ ಒಣಗಿಯೇ ಇರುತ್ತವೆ. ಆದರೆ ಅವುಗಳ ರಚನೆಯಲ್ಲಿ ನೀರಾಗಬಲ್ಲ ಅಂಶ ಬೆಸೆದುಕೊಂಡಿದೆ. ಮೊದಲನೆಯದರ 100 ಗ್ರಾಂನಲ್ಲಿ ಸುಮಾರು 35 ಗ್ರಾಂ, ಎರಡನೆಯದರಲ್ಲಿ ಸುಮಾರು 31 ಗ್ರಾಂ ನೀರು ಅಡಗಿದೆ. ಶಾಖ ಏರಿದಾಗ ಆ ನೀರು ಆವಿಯಾಗಿ ಹೊರಟು, ಹಲಗೆಯನ್ನು ತಣಿಸಿ, ಉರಿಯುವ ಅನಿಲವನ್ನು ತೆಳುವಾಗಿಸುತ್ತದೆ. ಮೆಗ್ನೀಸಿಯಂ ಹೈಡ್ರಾಕ್ಸೈಡ್ ನೀರು ಕಳೆದುಕೊಂಡಾಗ ಉಳಿಯುವುದು ಮೆಗ್ನೀಸಿಯಂ ಆಕ್ಸೈಡ್. ಮಿಷಿಗನ್ನಿನ ದನಗಳಿಗೆ ಅಂದು ತಿನ್ನಿಸಬೇಕಾಗಿದ್ದ, ಆದರೆ ತಿನ್ನಿಸದೆ ಹೋದ ಅದೇ ಪದಾರ್ಥ. ದನಕ್ಕೆ ಮೇವಾಗಬಲ್ಲ ವಸ್ತುವೇ ಬೆಂಕಿಗೂ ತಡೆಯಾಗುವುದಾದರೆ ಅದಕ್ಕಿಂತ ಬೇರೆ ಏನು ಬೇಕು ಎನ್ನಿಸಬಹುದು. ತೊಡಕು ಇರುವುದು ಪ್ರಮಾಣದಲ್ಲಿ. ಫಲ ಕಾಣಬೇಕಾದರೆ ಹಲಗೆಯ ತೂಕದ ಅರ್ಧಕ್ಕೂ ಹೆಚ್ಚು ಭಾಗ ಪುಡಿಯೇ ಆಗಬೇಕಾಗುತ್ತದೆ. ಆಗ ಹಗುರವೆಂದು ಆರಿಸಿದ ವಸ್ತು ಭಾರವಾಗುತ್ತದೆ. ಬಲಕ್ಕೆಂದು ಸೇರಿಸಿದ ನಾರಿಗೆ ಪ್ಲಾಸ್ಟಿಕ್ಕಿನಲ್ಲಿ ಹಿಡಿತ ಸಿಕ್ಕುವುದಿಲ್ಲ.

ಎರಡನೆಯ ದಾರಿ ರಂಜಕದ್ದು. ನನಗೆ ಅತ್ಯಂತ ಪ್ರಿಯವಾದದ್ದೂ ಅದೇ. ಏಕೆಂದರೆ ಅಲ್ಲಿ ನಾರು ಅಪರಾಧಿಯ ಸ್ಥಾನವನ್ನು ಬಿಟ್ಟು ಕಾವಲುಗಾರನ ಸ್ಥಾನಕ್ಕೆ ಬರುತ್ತದೆ.

ಶಾಲೆಯ ಪ್ರಯೋಗಶಾಲೆಯಲ್ಲಿ ಸಕ್ಕರೆಯ ಮೇಲೆ ಗಂಧಕಾಮ್ಲ ಸುರಿಯುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಬಿಳಿಯ ಸಕ್ಕರೆ ಹಳದಿಯಾಗಿ, ಕಂದಾಗಿ, ಕೊನೆಗೆ ಬುಸುಗುಟ್ಟುತ್ತ ಮೇಲೇಳುವ ಕಪ್ಪು ಇದ್ದಿಲಾಗುತ್ತದೆ. ಆಮ್ಲ ಮಾಡಿದ್ದಿಷ್ಟೇ: ಸಕ್ಕರೆಯಲ್ಲಿದ್ದ ಜಲಜನಕ ಆಮ್ಲಜನಕಗಳನ್ನು ನೀರಿನ ರೂಪದಲ್ಲಿ ಕಿತ್ತುಕೊಂಡಿತು, ಇಂಗಾಲ ಉಳಿಯಿತು. ನಾರಿನ ಮುಖ್ಯ ದ್ರವ್ಯವಾದ ಸೆಲ್ಯುಲೋಸ್ ಸಕ್ಕರೆಯದೇ ಬಳಗ. ಅದರ 162 ಭಾಗ ತೂಕದಲ್ಲಿ 72 ಭಾಗ ಇಂಗಾಲ. ಉಳಿದ 90 ಭಾಗದಲ್ಲಿರುವ ಜಲಜನಕ ಆಮ್ಲಜನಕಗಳು ನೀರಿನಲ್ಲಿರುವ ಪ್ರಮಾಣದಲ್ಲಿಯೇ ಇವೆ. ಆ ಭಾಗವೆಲ್ಲ ನೀರಾಗಿಯೇ ಹೊರಟುಹೋದರೆ ಜ್ವಾಲೆಗೆ ಸಿಗುವುದು ಬರಿಯ ನೀರಾವಿ. ಉರಿಯಲು ಅನಿಲವೇ ಇಲ್ಲ.

ಬೆಂಕಿಯಲ್ಲಿ ಸಾಮಾನ್ಯವಾಗಿ ಹೀಗಾಗುವುದಿಲ್ಲ. 300 ಡಿಗ್ರಿ ದಾಟಿದಾಗ ಸೆಲ್ಯುಲೋಸಿನ ಮುಂದೆ ಎರಡು ಹಾದಿಗಳು ತೆರೆಯುತ್ತವೆ. ಒಂದರಲ್ಲಿ ಅದರ ಸರಪಳಿ ತುಂಡಾಗಿ, ಲೆವೊಗ್ಲುಕೋಸಾನ್ ಎಂಬ, ಸುಲಭವಾಗಿ ಆವಿಯಾಗಿ ಉರಿಯುವ ದ್ರವ್ಯವಾಗುತ್ತದೆ. ಇನ್ನೊಂದರಲ್ಲಿ ನೀರು ಕಳೆದು ಇದ್ದಿಲಾಗುತ್ತದೆ. ತಟ್ಟನೆ ಎರಗಿದ ಬೆಂಕಿಯಲ್ಲಿ ಮೊದಲನೆಯ ಹಾದಿಯದೇ ಮೇಲುಗೈ. ಉಳಿಯುವ ಇದ್ದಿಲು ಅಲ್ಪ. ರಂಜಕದ ಆಮ್ಲ ಜೊತೆಗಿದ್ದರೆ ಅದು ಸೆಲ್ಯುಲೋಸನ್ನು ಎರಡನೆಯ ಹಾದಿಗೆ ತಿರುಗಿಸುತ್ತದೆ. ಅಮೋನಿಯಂ ಪಾಲಿಫಾಸ್ಫೇಟ್ ಎಂಬ ಪುಡಿಯನ್ನು ಬೆರೆಸುವುದು ಇದಕ್ಕಾಗಿಯೇ. ಮಾಮೂಲು ದಿನಗಳಲ್ಲಿ ಅದು ತೆಪ್ಪಗಿದ್ದು, ಬೆಂಕಿ ಬಂದಾಗ ಅಮೋನಿಯ ಬಿಟ್ಟುಕೊಟ್ಟು ಆಮ್ಲವಾಗುತ್ತದೆ.

ಈ ವಿದ್ಯೆಯ ಬೇರು ಹಳೆಯದು. ಫ್ರಾನ್ಸಿನ ದೊರೆ ಹದಿನೆಂಟನೆಯ ಲೂಯಿಯ ಕಾಲದಲ್ಲಿ ನಾಟಕಶಾಲೆಯ ಪರದೆಗಳಿಗೆ ಬೆಂಕಿ ಬೀಳದಂತೆ ಮಾಡುವ ಕೆಲಸ ಗೇ-ಲ್ಯೂಸಾಕ್ ಎಂಬ ರಸಾಯನವಿಜ್ಞಾನಿಗೆ ಬಂತು. ನಾರುಬಟ್ಟೆಗಳನ್ನು ಬಗೆಬಗೆಯ ಲವಣಗಳಲ್ಲಿ ಅದ್ದಿ ನೋಡಿ 1821ರಲ್ಲಿ ಅವನು ತನ್ನ ಫಲಿತಾಂಶಗಳನ್ನು ಪ್ರಕಟಿಸಿದ. ಅಮೋನಿಯಂ ಫಾಸ್ಫೇಟ್, ನವಸಾಗರ, ಬಿಳಿಗಾರ ಇವು ಅವನು ಮೆಚ್ಚಿದ ದ್ರವ್ಯಗಳಲ್ಲಿ ಸೇರಿದ್ದವು. ಇನ್ನೂರು ವರ್ಷಗಳ ಬಳಿಕ ನಾವು ಅವನ ಪಟ್ಟಿಯ ಮೊದಲ ಹೆಸರಿಗೇ ಮರಳಿ ಬಂದಿದ್ದೇವೆ.

ನಾರು ಇದ್ದಿಲಾದರೆ ಸಾಲದು. ಸುತ್ತಲಿನ ಪ್ಲಾಸ್ಟಿಕ್ಕನ್ನೂ ಕಾಯಬೇಕು. ಇಲ್ಲಿ ನಾನು ಮತ್ತೆ ಆ ದೀಪಾವಳಿಯ ಅಂಗಳಕ್ಕೆ ಹೋಗಬೇಕು. ತಂಗಿಯ ಲಂಗ ಹತ್ತಿಕೊಳ್ಳುವ ಮೊದಲು ನಾನು ಮೂಲೆಯಲ್ಲಿ ಕುಳಿತು ಹಾವಿನ ಮಾತ್ರೆ ಸುಡುತ್ತಿದ್ದೆ. ಗುಂಡಿಯಷ್ಟು ಚಿಕ್ಕ ಕಪ್ಪು ಬಿಲ್ಲೆ; ಬೆಂಕಿ ತಾಗಿಸಿದರೆ ಮೈಯುಬ್ಬಿಸಿ ಸುರುಳಿ ಸುರುಳಿಯಾಗಿ ಹಾವಿನಂತೆ ಹೊರಬರುತ್ತದೆ. ಆ ಹಾವು ಬಲು ಹಗುರ, ಒಳಗೆಲ್ಲ ಟೊಳ್ಳು, ಗಾಳಿಗುಳ್ಳೆಗಳ ಗೂಡು. ಅಗ್ನಿರೋಧಕ ಪ್ಲಾಸ್ಟಿಕ್ಕಿನ ಮೈಮೇಲೂ ಇಂಥದೇ ಉಬ್ಬಿದ ಇದ್ದಿಲಿನ ಪದರವನ್ನು ಬೆಂಕಿಯೇ ಎಬ್ಬಿಸುವಂತೆ ಮಾಡಬಹುದು. ಅದಕ್ಕೆ ಮೂರು ದ್ರವ್ಯಗಳು ಬೇಕು: ಆಮ್ಲ ಕೊಡುವುದೊಂದು, ಇದ್ದಿಲಾಗುವುದೊಂದು, ಅನಿಲ ಬಿಟ್ಟು ಇದ್ದಿಲನ್ನು ಉಬ್ಬಿಸುವುದೊಂದು. ರೂಢಿಯಲ್ಲಿ ಅಮೋನಿಯಂ ಪಾಲಿಫಾಸ್ಫೇಟ್, ಪೆಂಟಾಎರಿತ್ರಿಟಾಲ್, ಮೆಲಮಿನ್ ಈ ಮೂರನ್ನು ಕೂಡಿಸುತ್ತಾರೆ. ಉಬ್ಬಿದ ಪದರ ಕಂಬಳಿಯಂತೆ ಶಾಖವನ್ನು ಒಳಗೆ ಬಿಡುವುದಿಲ್ಲ. ಒಳಗಿನ ಅನಿಲವನ್ನು ಹೊರಗೂ ಬಿಡುವುದಿಲ್ಲ.

ಈಗ ಸ್ವಾರಸ್ಯವನ್ನು ನೋಡಿ. ಪಾಲಿಪ್ರಾಪಿಲೀನಿಗೆ ತಾನಾಗಿ ಇದ್ದಿಲಾಗುವ ಗುಣವಿಲ್ಲ. ಅದು ಕರಗಿ, ಆವಿಯಾಗಿ, ಉರಿದುಹೋಗುತ್ತದೆ. ಹಾಗಾಗಿ ಇದ್ದಿಲಾಗುವ ದ್ರವ್ಯವನ್ನು ಹೊರಗಿನಿಂದ ತರಬೇಕು. ಆದರೆ ಸೆಣಬಿನ ನಾರನ್ನು ಸೇರಿಸಿದ ಪ್ಲಾಸ್ಟಿಕ್ಕಿನಲ್ಲಿ ಆ ದ್ರವ್ಯ ಆಗಲೇ ಒಳಗಿದೆ! ನಾರಿನ ಸೆಲ್ಯುಲೋಸ್ ಇದ್ದಿಲಾಗಬಲ್ಲದು. ನಾರಿನಲ್ಲಿರುವ ಲಿಗ್ನಿನ್ ಅದಕ್ಕಿಂತ ಹೆಚ್ಚು ಇದ್ದಿಲನ್ನು ಬಿಡುತ್ತದೆ. ಹೊರಗಿನಿಂದ ರಂಜಕವನ್ನು ಕೊಟ್ಟರೆ ಪೆಂಟಾಎರಿತ್ರಿಟಾಲಿನ ಕೆಲಸದ ಬಹುಭಾಗವನ್ನು ನಾರೇ ವಹಿಸಿಕೊಳ್ಳುತ್ತದೆ. ಬತ್ತಿಯಾಗಿ ಬೆಂಕಿಗೆ ಎಣ್ಣೆ ಉಣಿಸಬೇಕಾಗಿದ್ದ ನಾರು, ಕವಚವಾಗಿ ಎಣ್ಣೆಯನ್ನು ಕಾಯುತ್ತದೆ. ಗಾಜಿನ ನಾರಿಗೆ ಈ ಶಕ್ತಿ ಇಲ್ಲ. ಅದು ಉರಿಯುವುದಿಲ್ಲ, ನಿಜ, ಆದರೆ ಇದ್ದಿಲಾಗಿ ಯಾರನ್ನೂ ಕಾಯುವುದೂ ಇಲ್ಲ.

ಇಂಥ ಹಲಗೆ ನಿಜವಾಗಿ ಬೆಂಕಿಗೆ ನಿಲ್ಲುವುದೇ ಎಂದು ನೋಡಲು ಮಾಪನಗಳಿವೆ. 1966ರಲ್ಲಿ ಫೆನಿಮೋರ್ ಮತ್ತು ಮಾರ್ಟಿನ್ ರೂಪಿಸಿದ ಪರೀಕ್ಷೆಯಲ್ಲಿ, ವಸ್ತು ಮೋಂಬತ್ತಿಯಂತೆ ಉರಿಯುತ್ತಿರಲು ಗಾಳಿಯಲ್ಲಿ ನೂರಕ್ಕೆ ಎಷ್ಟು ಭಾಗ ಆಮ್ಲಜನಕ ಬೇಕೆಂದು ಅಳೆಯುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲಿರುವುದು ಸುಮಾರು 21. ಪಾಲಿಪ್ರಾಪಿಲೀನಿಗೆ ಸುಮಾರು 17 ಸಾಕು. ಹತ್ತಿಗೆ ಸುಮಾರು 18. ಎಂದರೆ ಎರಡೂ ನಮ್ಮ ಗಾಳಿಯಲ್ಲಿ ಆರಾಮವಾಗಿ ಉರಿಯುತ್ತವೆ. ಉಣ್ಣೆಗೆ ಸುಮಾರು 25 ಬೇಕು. ಅಂದು ಅಜ್ಜಿಯ ಕಂಬಳಿ ತಾನು ಹೊತ್ತಿಕೊಳ್ಳದೆ ತಂಗಿಯನ್ನು ಉಳಿಸಿದ್ದರ ಗುಟ್ಟು ಈ ಅಂಕಿಯಲ್ಲಿದೆ. ಉಣ್ಣೆಯಲ್ಲಿ ಸಾರಜನಕವಿದೆ, ತೇವವಿದೆ. ಬಿಸಿಗೆ ಅದು ಕರಗಿ ಹರಿಯದೆ ಕರಿಕಟ್ಟುತ್ತದೆ. ಮನುಷ್ಯ ಹುಡುಕುತ್ತಿರುವ ಉಪಾಯವನ್ನು ಕುರಿಯ ಮೈ ಬಹಳ ಹಿಂದೆಯೇ ಬಲ್ಲದು. 1982ರಲ್ಲಿ ಬಾಬ್ರೌಸ್ಕಸ್ ಎಂಬ ವಿಜ್ಞಾನಿ ಅಮೆರಿಕದಲ್ಲಿ ನಿರ್ಮಿಸಿದ ಇನ್ನೊಂದು ಯಂತ್ರ, ವಸ್ತು ಉರಿಯುವಾಗ ಪ್ರತಿ ಕ್ಷಣ ಎಷ್ಟು ಶಾಖ ಬಿಡುತ್ತದೆ ಎಂಬುದನ್ನು ತೋರಿಸುತ್ತದೆ. ಜೀವ ಉಳಿಸಿಕೊಳ್ಳಲು ಓಡುವವನಿಗೆ ಮುಖ್ಯವಾದ ಲೆಕ್ಕ ಅದು. ಬೆಂಕಿ ನಿಧಾನವಾದಷ್ಟೂ ಅವನಿಗೆ ಸಮಯ ಸಿಗುತ್ತದೆ.

ಇನ್ನು ತೊಡಕುಗಳ ಮಾತು. ಅದನ್ನು ಮರೆಮಾಚಿದರೆ ನಾನು ವ್ಯಾಪಾರಿಯಾಗುತ್ತೇನೆಯೇ ಹೊರತು ಮೇಷ್ಟ್ರಾಗುವುದಿಲ್ಲ. ಸಸ್ಯನಾರು ಸುಮಾರು 200 ಡಿಗ್ರಿಯ ಆಚೆಗೆ ಕೆಡತೊಡಗುತ್ತದೆ. ಆದುದರಿಂದ ಅದಕ್ಕಿಂತ ಕಡಿಮೆ ಶಾಖದಲ್ಲಿ ಎರಕ ಹೊಯ್ಯಬಲ್ಲ ಪ್ಲಾಸ್ಟಿಕ್ಕುಗಳಿಗೆ ಮಾತ್ರ ಅದು ಹೊಂದುತ್ತದೆ. ರಂಜಕದ ಆಮ್ಲ ಅಕಾಲದಲ್ಲಿ ಎಚ್ಚೆತ್ತರೆ, ಬೆಂಕಿಯ ದಿನ ಮಾಡಬೇಕಾದ ಕೆಲಸವನ್ನು ಕಾರ್ಖಾನೆಯ ಅಚ್ಚಿನಲ್ಲಿಯೇ ಮಾಡಿ ನಾರನ್ನು ಹುಡಿಗೂಡಿಸುತ್ತದೆ. ಒದ್ದೆ ಸೌದೆಯ ದಾರಿಗಿಂತ ಇಲ್ಲಿ ಪುಡಿ ಕಡಿಮೆ ಸಾಕು; ಆದರೂ ನೂರಕ್ಕೆ 20ರಿಂದ 30 ಭಾಗ ಸೇರಿಸುವುದುಂಟು, ಅದರಿಂದ ಬಲ ಕುಗ್ಗುತ್ತದೆ. ಮಳೆಗೆ ಸಿಕ್ಕ ಹಲಗೆಯಿಂದ ರಂಜಕ ಸ್ವಲ್ಪ ಸ್ವಲ್ಪವಾಗಿ ಕರಗಿ ಹೋಗಬಹುದು. ಕೆರೆ ಸೇರಿದ ರಂಜಕ ಪಾಚಿಗೆ ಗೊಬ್ಬರವೆಂಬುದನ್ನು ನಾವು ಮರೆಯುವಂತಿಲ್ಲ. ಹ್ಯಾಲೊಜನ್ ಇಲ್ಲವೆಂದ ಮಾತ್ರಕ್ಕೆ ಎಲ್ಲವೂ ನಿರಪಾಯವೆಂದೂ ಅಲ್ಲ. ನಾರಿನ ಕಿಡಿಯನ್ನು ಆರಿಸುವ ಬೋರಿಕ್ ಆಮ್ಲ ಸಂತಾನಶಕ್ತಿಗೆ ಹಾನಿಕರವೆಂಬ ಕಾರಣಕ್ಕೆ 2010ರಲ್ಲಿ ಯೂರೋಪಿನ ಎಚ್ಚರಿಕೆಯ ಪಟ್ಟಿಯನ್ನು ಸೇರಿತು. ಒಂದು ವಿಷವನ್ನು ಹೊರಗಟ್ಟಿ ಇನ್ನೊಂದಕ್ಕೆ ಮಣೆ ಹಾಕುವ ತಪ್ಪನ್ನು ಟ್ರಿಸ್‌ನ ಕಾಲದಲ್ಲಿ ಜಗತ್ತು ಮಾಡಿತ್ತು. ಬ್ರೋಮಿನ್ನಿನ ಟ್ರಿಸ್ ಹೋದ ಮೇಲೆ ಕ್ಲೋರಿನ್ನಿನ ಟ್ರಿಸ್ ಬಂತು. ಅದೂ ಅನುಮಾನಕ್ಕೆ ಗುರಿಯಾಗಿ ಮಕ್ಕಳ ಉಡುಪಿನಿಂದ ಹೊರಬಿತ್ತು.

ಈಚಿನ ವರ್ಷಗಳಲ್ಲಿ ಸಂಶೋಧಕರ ಕಣ್ಣು ಮತ್ತೆ ಸಸ್ಯದ ಕಡೆಗೇ ತಿರುಗಿದೆ. ಬೀಜಗಳು ಮೊಳಕೆಗಾಗಿ ರಂಜಕವನ್ನು ಫೈಟಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತವೆ. ನಮ್ಮ ಅಕ್ಕಿಯ ತೌಡಿನಲ್ಲಿ ಅದು ಧಾರಾಳವಾಗಿದೆ. ಆ ಆಮ್ಲದ ತೂಕದಲ್ಲಿ ನೂರಕ್ಕೆ 28 ಭಾಗ ರಂಜಕವೇ. ಸೀಗಡಿಯ ಚಿಪ್ಪಿನಿಂದ ತೆಗೆದ ಕೈಟೊಸಾನ್ ಎಂಬ ದ್ರವ್ಯದ ಜೊತೆಗೆ ಅದನ್ನು ನಾರಿನ ಮೇಲೆ ಪದರ ಪದರವಾಗಿ ಕೂರಿಸುತ್ತಾರೆ. ಒಂದರ ವಿದ್ಯುದಂಶ ಋಣ, ಇನ್ನೊಂದರದು ಧನ. ಅದರಿಂದಲೇ ಅವು ಒಂದಕ್ಕೊಂದು ಅಂಟುತ್ತವೆ. ಕೈಟೊಸಾನ್ ಇದ್ದಿಲಾಗುತ್ತದೆ, ಸಾರಜನಕವನ್ನೂ ಕೊಡುತ್ತದೆ. ನೀರಿಗೆ ಕೊಚ್ಚಿಹೋಗದಂತೆ ಈ ಪದರವನ್ನು ನಿಲ್ಲಿಸುವುದೇ ಇಲ್ಲಿಯ ಕಠಿಣ ಪ್ರಶ್ನೆ. ಗಿರಣಿಯ ಹಿತ್ತಿಲಲ್ಲಿ ಬಿದ್ದಿರುವ ತೌಡು ಒಂದು ದಿನ ರೈಲುಡಬ್ಬಿಯ ಗೋಡೆಯನ್ನು ಕಾದೀತು ಎಂದರೆ ಅದು ಬರಿಯ ಕನಸಲ್ಲ. ಆದರೆ ಆಗಿಹೋದ ಕಾರ್ಯವೂ ಅಲ್ಲ.

ಬೆಂಕಿಯಿಂದ ಜನರನ್ನು ಉಳಿಸುವುದು ಧರ್ಮದ ಕೆಲಸ. ಆ ಕೆಲಸಕ್ಕೆ ತೆರುವ ಬೆಲೆ ಮುಂದಿನ ಪೀಳಿಗೆಯ ರಕ್ತವಾಗಬಾರದು ಎಂಬುದಷ್ಟೇ ಹ್ಯಾಲೊಜನ್ನನ್ನು ಬಿಡಬೇಕೆನ್ನುವವರ ವಾದ. ಹಾಗೆಂದು ಬೆಂಕಿಯ ಭಯವನ್ನು ಹಗುರವಾಗಿ ಕಾಣುವಂತೆಯೂ ಇಲ್ಲ. ನನ್ನ ತಂಗಿಯ ಎಡಗಾಲನ್ನು ನೋಡಿದ ಯಾರೂ ಹಾಗೆ ಕಾಣಲಾರರು. ಎರಡನ್ನೂ ಒಟ್ಟಿಗೆ ನೆನಪಿನಲ್ಲಿಟ್ಟುಕೊಂಡು ದಾರಿ ಹುಡುಕುವುದು ಕಷ್ಟ. ಆದರೆ ಆ ದಾರಿ ನಾರಿನೊಳಗೇ ಇದೆ ಎಂಬುದು ನೆಮ್ಮದಿಯ ಸಂಗತಿ.

ಮುಂದಿನ ಸಲ ದೀಪ ಹಚ್ಚುವಾಗ ಬತ್ತಿಯ ತುದಿಯನ್ನು ಗಮನಿಸಿ. ಅಲ್ಲೊಂದು ಕಪ್ಪು ಮೊಗ್ಗು ಕಟ್ಟಿರುತ್ತದೆ. ಅದರ ಸುತ್ತ ಜ್ವಾಲೆ ಇದ್ದರೂ ಅದು ಬೇಗ ಸವೆಯುವುದಿಲ್ಲ. ನಮ್ಮ ಅಜ್ಜಿ ದಿನವೂ ಆ ಕರಿಯನ್ನು ಕಡ್ಡಿಯಿಂದ ತಟ್ಟಿ ಬೀಳಿಸುತ್ತಿದ್ದರು, ದೀಪ ಚೆನ್ನಾಗಿ ಉರಿಯಲಿ ಎಂದು. ಕರಿ ಹೆಚ್ಚಿದರೆ ದೀಪ ಮಂಕಾಗುತ್ತದೆ ಎಂದು ಅವರು ಬಲ್ಲರು. ಅವರು ಬೆಳಕಿಗಾಗಿ ತೆಗೆದುಹಾಕುತ್ತಿದ್ದ ಆ ಕರಿಯನ್ನೇ ಇಂದು ನಾವು ರಕ್ಷಣೆಗಾಗಿ ಬೆಳೆಸಲು ಕಲಿಯುತ್ತಿದ್ದೇವೆ.